ಯಾವ ಕೆಲಸಕ್ಕೆ ಯಾವ ಪಾಡ್‌ಕಾಸ್ಟ್? ಸಾರ್ವಜನಿಕ ರೇಡಿಯೋದಲ್ಲಿ ನಿಮ್ಮದನ್ನು ಆರಿಸಿಕೊಳ್ಳಿ

‘ಪಾಡ್‌ಕಾಸ್ಟ್ ಕೇಳಬೇಕು ಅಂತ ಆಸೆ, ಯಾವುದರಿಂದ ಶುರು ಮಾಡೋದು ಗೊತ್ತಾಗ್ತಿಲ್ಲ, ಒಂದು ಒಳ್ಳೇದು ಹೇಳಿ’ ಎಂದು ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಪಾಡ್‌ಕಾಸ್ಟ್ ಅಂದರೆ ಫೋನಿಗೆ ಇಳಿಸಿಕೊಂಡು ಬೇಕಾದಾಗ ಕೇಳುವ ಮಾತಿನ ಕಾರ್ಯಕ್ರಮ. ಕೇಳುವವರು ಒಂದೇ ಥರದವರಲ್ಲ. ಮಂಡ್ಯದಿಂದ ಮೈಸೂರಿಗೆ ದಿನಾ ರೈಲಲ್ಲಿ ಓಡಾಡುವವರಿದ್ದಾರೆ. ಕುವೆಂಪುನಗರದಲ್ಲಿ ಬೆಳಕು ಹರಿಯುವ ಮೊದಲೇ ಎದ್ದು ಮನೆಮಂದಿಗೆಲ್ಲ ಡಬ್ಬಿ ಕಟ್ಟುವವರಿದ್ದಾರೆ. ಕುಕ್ಕರಹಳ್ಳಿ ಕೆರೆ ಸುತ್ತುವವರು, ರಾತ್ರಿ ಕರೆಂಟ್ ಬಂದಾಗ ಗದ್ದೆಗೆ ನೀರು ಕಟ್ಟುವವರು, ಹೆಬ್ಬಾಳದ ಕಡೆ ಕಂಪನಿ ಬಸ್ಸಲ್ಲಿ ಕೂತು ಹೋಗುವವರು, ಎಲ್ಲರದೂ ಇದೇ ಪ್ರಶ್ನೆ. ಎಲ್ಲರಿಗೂ ಒಂದೇ ಹೆಸರು ಹೇಳಿಬಿಟ್ಟರೆ ಮುಕ್ಕಾಲು ಜನ ಎರಡನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಕಾರ್ಯಕ್ರಮ ಕೆಟ್ಟದ್ದು ಅಂತ ಅಲ್ಲ, ಅವರು ಮಾಡುತ್ತಿರುವ ಕೆಲಸಕ್ಕೆ ಅದು ಹೊಂದುವುದಿಲ್ಲ, ಅಷ್ಟೇ.

ಹಾಗಾಗಿ ನಾನು ಕಾರ್ಯಕ್ರಮದ ಹೆಸರಿನಿಂದ ಶುರು ಮಾಡುವುದಿಲ್ಲ. ನಿಮ್ಮ ಕೈ ಏನು ಮಾಡುತ್ತಿದೆ, ತಲೆ ಎಷ್ಟು ಖಾಲಿ ಇದೆ ಅನ್ನುವುದರಿಂದ ಶುರು ಮಾಡುತ್ತೇನೆ. ಮತ್ತೆ ಈ ಬರಹವನ್ನು ಸಾರ್ವಜನಿಕ ರೇಡಿಯೋದವರ, ಅಂದರೆ ಲಾಭಕ್ಕಲ್ಲದೆ ಜನರ ದುಡ್ಡಿನಲ್ಲಿ ನಡೆಯುವ ರೇಡಿಯೋದವರ ಪಾಡ್‌ಕಾಸ್ಟ್‌ಗಳಿಗೇ ಸೀಮಿತ ಮಾಡಿದ್ದೇನೆ. ನಮ್ಮ ಆಕಾಶವಾಣಿ, ಬ್ರಿಟನ್ನಿನ ಬಿಬಿಸಿ, ಅಮೆರಿಕದ ಎನ್‌ಪಿಆರ್ ಮತ್ತು ಅಲ್ಲಿನ ಊರೂರಿನ ಸಾರ್ವಜನಿಕ ಕೇಂದ್ರಗಳು, ಆಸ್ಟ್ರೇಲಿಯಾದ ಎಬಿಸಿ.

ಯಾಕೆ ಇವೇ? ರೇಡಿಯೋದವರಿಗೆ ಒಂದು ವಿಷಯ ಮೊದಲಿನಿಂದಲೂ ಗೊತ್ತು. ಕೇಳುವವರು ಸುಮ್ನೆ ಕೂತು ಕೇಳುವುದಿಲ್ಲ. ಒಗ್ಗರಣೆ ಹಾಕುತ್ತಾ ಕೇಳುತ್ತಾರೆ, ಗಾಡಿ ಓಡಿಸುತ್ತಾ ಕೇಳುತ್ತಾರೆ, ಅರ್ಧ ಆದಮೇಲೆ ಬರುತ್ತಾರೆ, ಮುಗಿಯುವ ಮೊದಲೇ ಎದ್ದು ಹೋಗುತ್ತಾರೆ. ಅದಕ್ಕೆ ಅವರು ಮಾತನ್ನು ಕಟ್ಟುವ ರೀತಿಯೇ ಬೇರೆ. ಅಮೆರಿಕದ ‘ಫ್ರೆಶ್ ಏರ್’ ಸಂದರ್ಶನದಲ್ಲಿ ಟೆರ್ರಿ ಗ್ರೋಸ್ ಅವರು ನಡುನಡುವೆ ನಿಲ್ಲಿಸಿ, ಈಗಷ್ಟೇ ಬಂದವರಿಗಾಗಿ ಅತಿಥಿ ಯಾರು ಅಂತ ಮತ್ತೆ ಹೇಳುತ್ತಾರೆ. ನೀವು ಅಷ್ಟು ಹೊತ್ತು ಬಾಗಿಲಲ್ಲಿ ಹಾಲಿನವರ ಹತ್ತಿರ ಮಾತಾಡಿ ಬಂದಿದ್ದರೂ ಎಳೆ ಮತ್ತೆ ಕೈಗೆ ಸಿಗುತ್ತದೆ. ಕ್ಯಾಮರಾ ಮುಂದೆ ಕೂತು ಮೂರು ಗಂಟೆ ಹರಟುವ ಪಾಡ್‌ಕಾಸ್ಟ್‌ಗಳಲ್ಲಿ ಈ ಕಾಳಜಿ ಸಿಗುವುದು ಕಡಿಮೆ. ಅವರು ಪರದೆಯಲ್ಲಿ ಏನೋ ತೋರಿಸಿ ನಗುತ್ತಾರೆ, ಒಲೆ ಮುಂದೆ ನಿಂತ ನಿಮಗೆ ಯಾಕೆ ನಕ್ಕರು ಅಂತಲೇ ಗೊತ್ತಾಗುವುದಿಲ್ಲ.

ಆರಿಸುವ ಮೊದಲು ನೋಡಬೇಕಾದ್ದು

ಎಲ್ಲಕ್ಕಿಂತ ಮುಖ್ಯ, ಕೆಲಸ ಎಷ್ಟು ಗಮನ ಕೇಳುತ್ತದೆ ಅನ್ನುವುದು. ಅವರೆಕಾಯಿ ಸುಲಿಯುವುದು, ಸೊಪ್ಪು ಬಿಡಿಸುವುದು, ಬಟ್ಟೆ ಮಡಿಸುವುದು, ಇಸ್ತ್ರಿ, ಕೆರೆ ಸುತ್ತ ವಾಕಿಂಗ್, ಇವೆಲ್ಲ ಕೈ ಕಾಲಿನ ಕೆಲಸ. ತಲೆ ಪೂರ್ತಿ ಖಾಲಿ ಇರುತ್ತದೆ. ಇಲ್ಲಿ ಎಂಥ ಗಟ್ಟಿ ಕಾರ್ಯಕ್ರಮವನ್ನಾದರೂ ಕೇಳಬಹುದು. ಬೆಳಗಿನ ಅಡುಗೆ ಹಾಗಲ್ಲ. ಒಂದು ಕಡೆ ಕುಕ್ಕರ್ ಸೀಟಿ ಎಣಿಸಬೇಕು, ಇನ್ನೊಂದು ಕಡೆ ಮಿಕ್ಸಿ ಹಾಕಿದರೆ ಅರ್ಧ ನಿಮಿಷ ಏನೂ ಕೇಳಿಸುವುದಿಲ್ಲ, ಮಕ್ಕಳು ಸಾಕ್ಸ್ ಎಲ್ಲಿ ಅಂತ ಕೂಗುತ್ತಿರುತ್ತಾರೆ. ಅಲ್ಲಿ ಎಳೆ ತಪ್ಪಿದರೂ ನಷ್ಟವಾಗದ ಕಾರ್ಯಕ್ರಮ ಬೇಕು. ಇನ್ನು ಲೆಕ್ಕ ಬರೆಯುವುದು, ಮೇಲ್ ಓದುವುದು ಇಂಥ ಕೆಲಸದ ಜೊತೆ ಮಾತು ಕೇಳುವುದು ಆಗದ ಮಾತು. ಎರಡೂ ಹಾಳಾಗುತ್ತದೆ.

ಆಮೇಲೆ ಉದ್ದ. ಕೆಲಸ ಎಷ್ಟು ಹೊತ್ತಿನದೋ ಕಾರ್ಯಕ್ರಮವೂ ಸುಮಾರು ಅಷ್ಟೇ ಇದ್ದರೆ ಚೆನ್ನ. ಒಂದು ಗಂಟೆಯ ಕಥೆಯನ್ನು ಹತ್ತು ಹತ್ತು ನಿಮಿಷಕ್ಕೆ ಕತ್ತರಿಸಿ ಆರು ದಿನ ಕೇಳಿದರೆ ಅದರ ಜೀವವೇ ಹೋಗಿಬಿಡುತ್ತದೆ.

ಮೂರನೆಯದು ಇಂಗ್ಲಿಷ್. ಇದನ್ನು ಹೇಳಿಕೊಳ್ಳಲು ಅನೇಕರಿಗೆ ಸಂಕೋಚ, ಆದರೆ ಸಂಕೋಚಪಡುವಂಥದ್ದು ಏನೂ ಇಲ್ಲ. ಕನ್ನಡ ಮೀಡಿಯಂನಲ್ಲಿ ಓದಿ, ಇಂಗ್ಲಿಷ್ ಪೇಪರ್ ಸಲೀಸಾಗಿ ಓದುವವರಿಗೂ ಅಮೆರಿಕದವರು ಪಟಪಟ ಅಂತ ಮಾತಾಡಿದರೆ ಹಿಡಿಯುವುದು ಕಷ್ಟ. ಒಬ್ಬರೇ ಬರೆದುಕೊಂಡು ಓದುವ ಕಾರ್ಯಕ್ರಮ ಸುಲಭ, ನಾಲ್ಕು ಜನ ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡಿ ನಗುವುದು ಕಷ್ಟ. ನಗೆ ಕಾರ್ಯಕ್ರಮಗಳಂತೂ ಎಲ್ಲಕ್ಕಿಂತ ಕಷ್ಟ. ಎನ್‌ಪಿಆರ್‌ನ ‘ವೇಟ್ ವೇಟ್ ಡೋಂಟ್ ಟೆಲ್ ಮಿ’ 1998ರಿಂದ ನಡೆಯುತ್ತಿರುವ ಸುದ್ದಿ ಕ್ವಿಜ್. ಅಲ್ಲಿ ಅದಕ್ಕೆ ತುಂಬಾ ಅಭಿಮಾನಿಗಳು. ಆದರೆ ಅಮೆರಿಕದ ಆ ವಾರದ ರಾಜಕೀಯ ಗೊತ್ತಿಲ್ಲದಿದ್ದರೆ ಅರ್ಧ ನಗು ನಮಗೆ ತಲುಪುವುದೇ ಇಲ್ಲ. ಅದಕ್ಕೆ ಅದನ್ನು ನಾನು ಯಾರಿಗೂ ಹೇಳುವುದಿಲ್ಲ.

ಖರ್ಚು? ಇಲ್ಲಿ ಹೇಳುವ ಎಲ್ಲವೂ ಉಚಿತ. ಆಗುವ ಖರ್ಚು ಡೇಟಾದ್ದು ಮಾತ್ರ. 128 ಕೆಬಿಪಿಎಸ್ ಗುಣಮಟ್ಟದ ಆಡಿಯೋ ಗಂಟೆಗೆ ಸುಮಾರು 58 ಎಂಬಿ ತೆಗೆದುಕೊಳ್ಳುತ್ತದೆ. ದಿನಕ್ಕೊಂದು ಗಂಟೆ ಕೇಳಿದರೆ ತಿಂಗಳಿಗೆ 1.7 ಜಿಬಿ ಆಸುಪಾಸು. ದಿನದ ಡೇಟಾ ಪ್ಯಾಕ್ ಇರುವವರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಅಪ್ಪ ಅಮ್ಮನ ಫೋನಿನಲ್ಲಿ ಬರೀ ಮಾತಿನ ಪ್ಯಾಕ್ ಇದ್ದರೆ, ಮನೆಯ ವೈಫೈ ಇರುವಾಗಲೇ ಡೌನ್‌ಲೋಡ್ ಮಾಡಿಟ್ಟುಬಿಡಿ.

ಸುದ್ದಿ ಬೇಕು ಅನ್ನುವವರಿಗೆ

ಬಿಬಿಸಿ ವರ್ಲ್ಡ್ ಸರ್ವಿಸ್‌ನ ‘ಗ್ಲೋಬಲ್ ನ್ಯೂಸ್ ಪಾಡ್‌ಕಾಸ್ಟ್’ ವಾರದ ದಿನಗಳಲ್ಲಿ ಎರಡು ಸಲ, ಶನಿವಾರ ಭಾನುವಾರ ಒಂದೊಂದು ಸಲ ಬರುತ್ತದೆ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಎನ್‌ಪಿಆರ್‌ನ ‘ಅಪ್ ಫಸ್ಟ್’ ಕಾಲು ಗಂಟೆ, ಮೂರೇ ಮೂರು ಸುದ್ದಿ. ಎರಡರ ಮಧ್ಯೆ ನಾನು ಬಿಬಿಸಿಯದ್ದನ್ನೇ ಹೇಳುತ್ತೇನೆ. ‘ಅಪ್ ಫಸ್ಟ್’ ಅಮೆರಿಕದವರು ಬೆಳಿಗ್ಗೆ ಎದ್ದು ಕೇಳಲಿ ಅಂತ ಮಾಡುವಂಥದ್ದು, ನಮಗೆ ಅದು ಸಿಗುವ ಹೊತ್ತಿಗೆ ಸಂಜೆ ಕಾಫಿ ಆಗಿರುತ್ತದೆ. ಮೂರು ಸುದ್ದಿಯಲ್ಲಿ ಎರಡಾದರೂ ಅವರ ದೇಶದ್ದೇ. ನಿಮ್ಮ ಮಗನೋ ಮಗಳೋ ಅಲ್ಲಿದ್ದು, ವೀಸಾ ಗೀಸಾ ಅಂತ ಅಲ್ಲಿನ ಆಗುಹೋಗುಗಳ ಮೇಲೆ ಕಣ್ಣಿಟ್ಟಿದ್ದರೆ ಮಾತ್ರ ಅದು ಒಳ್ಳೆಯ ಆಯ್ಕೆ.

ಸುದ್ದಿಯ ಅನುಕೂಲ ಏನೆಂದರೆ ತುಂಡು ತುಂಡಾಗಿ ಕೇಳಬಹುದು. ಒಂದು ಸುದ್ದಿ ಮಿಕ್ಸಿ ಸದ್ದಲ್ಲಿ ಹೋದರೆ ಮುಂದಿನದಕ್ಕೆ ಹೊಸದಾಗಿ ಕಿವಿ ಕೊಟ್ಟರಾಯಿತು. ಹಾಗಾಗಿ ಬೆಳಗಿನ ಅಡುಗೆಮನೆಗೆ ಇದು ಸರಿ. ತೊಂದರೆ ಅಂದರೆ ಇವತ್ತಿನದು ನಾಳೆಗೆ ಹಳಸುತ್ತದೆ. ನಾಲ್ಕು ದಿನ ಬಿಟ್ಟರೆ ಹಳೆಯದೆಲ್ಲ ಗುಡ್ಡೆಯಾಗಿ ಫೋನ್ ತುಂಬಿಕೊಳ್ಳುತ್ತದೆ. ಜೊತೆಗೆ ಬೆಳಿಗ್ಗೆಯೇ ಯುದ್ಧ, ಸಾವು ಕೇಳಿ ಮನಸ್ಸು ಭಾರವಾಗುವವರು ಇದನ್ನು ಸಂಜೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಹತ್ತು ನಿಮಿಷದವು

ಪಾಡ್‌ಕಾಸ್ಟ್ ಅಭ್ಯಾಸವೇ ಇಲ್ಲದವರು ಇಲ್ಲಿಂದ ಶುರು ಮಾಡಿ ಅಂತ ನನ್ನ ಸಲಹೆ.

ಬಿಬಿಸಿಯ ‘ವಿಟ್ನೆಸ್ ಹಿಸ್ಟರಿ’ ಹತ್ತು ನಿಮಿಷದ್ದು. ಇತಿಹಾಸದ ಒಂದು ಘಟನೆ, ಅದನ್ನು ಕಣ್ಣಾರೆ ಕಂಡವರ ಬಾಯಲ್ಲೇ. ಪಾಠ ಮಾಡುವವರು ಯಾರೂ ಇರುವುದಿಲ್ಲ. ಅಲ್ಲಿದ್ದ ಒಬ್ಬರು, ಅವತ್ತು ಏನಾಯಿತು ಅಂತ ಹೇಳುತ್ತಾ ಹೋಗುತ್ತಾರೆ, ನಡುವೆ ಆ ಕಾಲದ ಧ್ವನಿಮುದ್ರಣ ಬರುತ್ತದೆ, ನಿರೂಪಕರು ಎರಡು ಮಾತು ಸೇರಿಸಿ ಹಿನ್ನೆಲೆ ತಿಳಿಸುತ್ತಾರೆ. ಹಳೆಯ ಕಂತು ಯಾವತ್ತು ಕೇಳಿದರೂ ಹಳೆಯದಾಗುವುದಿಲ್ಲ, ಯಾಕೆಂದರೆ ಅದು ಮೊದಲೇ ಇತಿಹಾಸ. ಇಂಗ್ಲಿಷ್ ಸರಳ. ಹೇಳುವವರಲ್ಲಿ ಎಷ್ಟೋ ಜನರಿಗೆ ಇಂಗ್ಲಿಷ್ ನಮ್ಮ ಹಾಗೇ ಎರಡನೇ ಭಾಷೆ, ನಿಧಾನವಾಗಿ ಮಾತಾಡುತ್ತಾರೆ. ಪಾತ್ರೆ ತೊಳೆಯುವ ಹೊತ್ತಿಗೆ ಒಂದು ಮುಗಿಯುತ್ತದೆ, ಇನ್ನೊಂದು ತಾನಾಗಿ ಶುರುವಾಗುತ್ತದೆ, ಒದ್ದೆ ಕೈಯಲ್ಲಿ ಫೋನ್ ಮುಟ್ಟಬೇಕಾಗಿಯೇ ಇಲ್ಲ. ಬಸ್ ಸ್ಟಾಪ್‌ಗೂ ಇದು ಹೊಂದುತ್ತದೆ. ಬಸ್ ಬೇಗ ಬಂದರೂ ಬೇಜಾರಿಲ್ಲ.

ಎನ್‌ಪಿಆರ್‌ನಲ್ಲಿ ಇದೇ ಉದ್ದದವು ಎರಡಿವೆ. ‘ಶಾರ್ಟ್ ವೇವ್’ ವಿಜ್ಞಾನದ್ದು, ‘ದಿ ಇಂಡಿಕೇಟರ್’ ಆರ್ಥಿಕತೆಯದ್ದು. ಎರಡೂ ಚುರುಕು. ಚುರುಕು ಅಂದರೆ ಮಾತೂ ವೇಗ. ಇಬ್ಬರು ನಿರೂಪಕರು ಒಬ್ಬರನ್ನೊಬ್ಬರು ಕಾಡಿಸುತ್ತಾ ಮಾತಾಡುತ್ತಾರೆ, ಅಭ್ಯಾಸ ಇಲ್ಲದವರು ಆ್ಯಪ್‌ನಲ್ಲಿ ವೇಗವನ್ನು 0.8ಕ್ಕೆ ಇಳಿಸಿಕೊಂಡು ಕೇಳಬೇಕು. ಹಾಗೆ ಮಾಡುವುದರಲ್ಲಿ ತಪ್ಪೇನೂ ಇಲ್ಲ. ಪಿಯುಸಿ, ಡಿಗ್ರಿ ಓದುವ ಮಕ್ಕಳಿಗೆ ‘ಶಾರ್ಟ್ ವೇವ್’ ತುಂಬಾ ಹಿಡಿಸುತ್ತದೆ.

ಇಂಗ್ಲಿಷ್ ಕಲಿಯುವುದೇ ಗುರಿ ಆಗಿದ್ದರೆ ಬಿಬಿಸಿಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಬಿಟ್ಟು ಬೇರೆ ಹುಡುಕುವುದೇ ಬೇಡ. ಹೆಸರೇ ಹೇಳುವಂತೆ ಆರು ನಿಮಿಷ. ಶುರುವಿನಲ್ಲಿ ಒಂದು ಪ್ರಶ್ನೆ, ಕೊನೆಯಲ್ಲಿ ಉತ್ತರ, ನಡುವೆ ಕೆಲವು ಹೊಸ ಪದಗಳು, ಅವುಗಳ ಅರ್ಥ. ಪೂರ್ತಿ ಮಾತು ಬರಹದಲ್ಲೂ ಸಿಗುತ್ತದೆ. ಮಂಡ್ಯದಲ್ಲಿ, ಶ್ರೀರಂಗಪಟ್ಟಣದಲ್ಲಿ ಇಂಟರ್‌ವ್ಯೂಗೆ ತಯಾರಾಗುತ್ತಿರುವ ಹುಡುಗ ಹುಡುಗಿಯರು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸಾವಿರಗಟ್ಟಲೆ ಕಟ್ಟುವ ಮೊದಲು ಇದನ್ನೊಮ್ಮೆ ನೋಡಲಿ. ಮೊದಲು ಸುಮ್ನೆ ಕೇಳಿ, ಆಮೇಲೆ ಓದಿಕೊಂಡು ಕೇಳಿ. ಇದರಿಂದ ಮಾತಾಡುವುದು ಬಂದುಬಿಡುತ್ತದೆ ಅಂತ ಹೇಳಲಾರೆ, ಮಾತಾಡಲು ಇನ್ನೊಬ್ಬರು ಬೇಕೇ ಬೇಕು. ಆದರೆ ಕಿವಿ ಪಳಗುತ್ತದೆ.

ಕಥೆ ಹೇಳುವ ಕಾರ್ಯಕ್ರಮಗಳು

ನನ್ನ ಮನಸ್ಸು ಇರುವುದು ಇಲ್ಲಿ. ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

‘ದಿಸ್ ಅಮೆರಿಕನ್ ಲೈಫ್’ 1995ರಲ್ಲಿ ಚಿಕಾಗೋದ ಸಾರ್ವಜನಿಕ ರೇಡಿಯೋ ಕೇಂದ್ರದಲ್ಲಿ ಶುರುವಾಯಿತು. ಐರಾ ಗ್ಲಾಸ್ ಅವರೇ ಆಗಿನಿಂದ ನಡೆಸುತ್ತಿದ್ದಾರೆ. ವಾರಕ್ಕೊಂದು ವಿಷಯ, ಒಂದು ಗಂಟೆ, ನಾಟಕದ ಅಂಕಗಳ ಹಾಗೆ ಭಾಗ ಮಾಡಿರುತ್ತಾರೆ. ಒಂದು ಅಂಕದಲ್ಲಿ ಗಂಭೀರ ವರದಿ, ಇನ್ನೊಂದರಲ್ಲಿ ಯಾರದೋ ಮನೆಯ ಕಥೆ. 2020ರಲ್ಲಿ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್‌ನವರು ಮೊದಲ ಬಾರಿಗೆ ಆಡಿಯೋ ವರದಿಗಾರಿಕೆಗೆ ಪ್ರಶಸ್ತಿ ಕೊಟ್ಟಾಗ ಅದು ಸಿಕ್ಕಿದ್ದು ಈ ಕಾರ್ಯಕ್ರಮಕ್ಕೇ. ಅಮೆರಿಕದ ವಿಷಯ ಅಂತ ಹಿಂಜರಿಯಬೇಡಿ. ಅತ್ತೆ ಸೊಸೆ, ಅಪ್ಪ ಮಗ, ಕೆಲಸ ಕಳೆದುಕೊಂಡವರು, ಗಡಿ ದಾಟಿ ಬಂದವರು, ಇದರಲ್ಲಿ ನಮಗೆ ಅರ್ಥವಾಗದ್ದು ಏನಿದೆ? ಇಂಗ್ಲಿಷ್ ಮಾತ್ರ ಅವರ ಬೀದಿಯದ್ದು, ಮೊದಲ ಕೆಲವು ಕಂತು ಕಷ್ಟವಾಗಬಹುದು. ಅದಕ್ಕೂ ದಾರಿ ಇದೆ, ಪ್ರತಿ ಕಂತಿನ ಪೂರ್ತಿ ಬರಹವನ್ನು ಅವರು ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತಾರೆ.

ಇದಕ್ಕೆ ಸರಿಯಾದ ಜಾಗ ಮಂಡ್ಯ–ಮೈಸೂರು ರೈಲು. ಪ್ಯಾಸೆಂಜರ್ ಗಾಡಿಯಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ, ಪಾಂಡವಪುರ ದಾಟಿ, ಶ್ರೀರಂಗಪಟ್ಟಣದ ಸೇತುವೆ ದಾಟಿ ಮೈಸೂರು ಮುಟ್ಟುವ ಹೊತ್ತಿಗೆ ಕಂತು ಮುಗಿಯುವುದಕ್ಕೆ ಬಂದಿರುತ್ತದೆ. ದಾರಿಯಲ್ಲಿ ಸಿಗ್ನಲ್ ಹೋಗಿ ಬರುತ್ತದೆ, ರಾತ್ರಿಯೇ ಡೌನ್‌ಲೋಡ್ ಆಗಿರಲಿ. ಅಡುಗೆಮನೆಗೆ ಬೇಡ. ಎರಡು ನಿಮಿಷ ತಪ್ಪಿದರೆ ಯಾರು ಯಾರನ್ನು ಕ್ಷಮಿಸಿದರು ಅಂತ ಗೊತ್ತಾಗದೆ ಹಿಂದಕ್ಕೆ ಓಡಿಸಬೇಕಾಗುತ್ತದೆ.

ನ್ಯೂಯಾರ್ಕಿನ ಸಾರ್ವಜನಿಕ ಕೇಂದ್ರ ಡಬ್ಲ್ಯುಎನ್‌ವೈಸಿಯ ‘ರೇಡಿಯೋಲ್ಯಾಬ್’ ಇನ್ನೊಂದು ದಾರಿ ಹಿಡಿದದ್ದು. 2002ರಲ್ಲಿ ಇದನ್ನು ಶುರು ಮಾಡಿದ ಜಾಡ್ ಅಬುಮ್ರಾಡ್ ಅವರಿಗೆ ಸಂಗೀತವೂ ಗೊತ್ತಿತ್ತು, ಅದು ಕಾರ್ಯಕ್ರಮದಲ್ಲಿ ಕೇಳಿಸುತ್ತದೆ. ವಿಜ್ಞಾನದ ಒಂದು ಪ್ರಶ್ನೆಯನ್ನು ಹಿಡಿದು ಧ್ವನಿ, ಸದ್ದು, ಸಂಗೀತ ಎಲ್ಲ ಪದರ ಪದರವಾಗಿ ಸೇರಿಸುತ್ತಾರೆ. ಈಗ ಬೇರೆ ಇಬ್ಬರು ನಡೆಸುತ್ತಿದ್ದಾರೆ, ಗುಣ ಕೆಟ್ಟಿಲ್ಲ. ಇದನ್ನು ಇಯರ್‌ಫೋನ್‌ನಲ್ಲೇ ಕೇಳಬೇಕು. ಫೋನಿನ ಸ್ಪೀಕರ್‌ನಲ್ಲಿ, ಅದೂ ಫ್ಯಾನ್ ಸದ್ದಿನ ಮಧ್ಯೆ, ಇದು ಬರೀ ಗದ್ದಲ ಅನಿಸಬಹುದು. ಬಟ್ಟೆ ಮಡಿಸುವಾಗ, ಇಸ್ತ್ರಿ ಮಾಡುವಾಗ ಕೇಳಿ ನೋಡಿ, ಬಟ್ಟೆ ಮುಗಿದರೂ ಏಳಲು ಮನಸ್ಸಾಗುವುದಿಲ್ಲ.

ಮೂರನೆಯದು ಎನ್‌ಪಿಆರ್‌ನ ‘ಪ್ಲಾನೆಟ್ ಮನಿ’. 2008ರ ಆರ್ಥಿಕ ಕುಸಿತದ ಹೊತ್ತಲ್ಲಿ, ಇದೆಲ್ಲ ಏನಾಗುತ್ತಿದೆ ಅಂತ ಸಾಮಾನ್ಯ ಜನರಿಗೆ ಬಿಡಿಸಿ ಹೇಳಲು ಹುಟ್ಟಿದ ಕಾರ್ಯಕ್ರಮ. ಇವರ ರೀತಿ ನನಗೆ ಬಹಳ ಇಷ್ಟ. 2013ರಲ್ಲಿ ಇವರು ಒಂದು ಟೀ ಶರ್ಟ್ ಮಾಡಿಸಿದರು. ಹತ್ತಿ ಬೆಳೆದ ಅಮೆರಿಕದ ಹೊಲದಿಂದ ಹಿಡಿದು ಬಾಂಗ್ಲಾದೇಶದ, ಕೊಲಂಬಿಯಾದ ಗಾರ್ಮೆಂಟ್ಸ್ ತನಕ ಅದರ ಹಿಂದೆಯೇ ಹೋದರು, ಹೊಲಿದ ಹೆಣ್ಣುಮಕ್ಕಳನ್ನು ಮಾತಾಡಿಸಿದರು. 2016ರಲ್ಲಿ ನೂರು ಬ್ಯಾರಲ್ ಕಚ್ಚಾ ತೈಲ ಕೊಂಡು ಅದು ಎಲ್ಲೆಲ್ಲಿ ಹೋಗಿ ಪೆಟ್ರೋಲ್ ಆಗುತ್ತದೆ ಅಂತ ತೋರಿಸಿದರು. ಕಬ್ಬಿನ ಬೆಲೆ, ಸಕ್ಕರೆ ಕಾರ್ಖಾನೆ ಬಾಕಿ, ಆಲೆಮನೆ ಬೆಲ್ಲದ ರೇಟು ಅಂತ ದಿನಾ ಮಾತಾಡುವ ಮಂಡ್ಯದವರಿಗೆ ಇದಕ್ಕಿಂತ ಹತ್ತಿರದ ವಿಷಯ ಬೇರೆ ಬೇಕಾ? ನಮ್ಮ ಬೆಲ್ಲದ ಒಂದು ಅಚ್ಚಿನ ಹಿಂದೆ, ಗದ್ದೆಯಿಂದ ಮಂಡಿ ತನಕ ಹೀಗೇ ಯಾರಾದರೂ ಹೋಗಿ ಕನ್ನಡದಲ್ಲಿ ಕಾರ್ಯಕ್ರಮ ಮಾಡಬೇಕು ಅಂತ ನನಗೆ ನಿಜವಾಗಿಯೂ ಆಸೆ ಇದೆ.

ಮೂರರಲ್ಲಿ ಯಾವುದು? ಉದ್ದ ಕಡಿಮೆ ಬೇಕಿದ್ದರೆ ‘ಪ್ಲಾನೆಟ್ ಮನಿ’, ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಅರ್ಧ ಗಮನದಲ್ಲೂ ಮುಖ್ಯ ಮಾತು ತಲುಪುತ್ತದೆ. ಮನಸ್ಸು ಕರಗುವಂಥದ್ದು ಬೇಕಿದ್ದರೆ ‘ದಿಸ್ ಅಮೆರಿಕನ್ ಲೈಫ್’. ‘ರೇಡಿಯೋಲ್ಯಾಬ್’ ಒಳ್ಳೆಯ ಇಯರ್‌ಫೋನ್ ಮತ್ತು ಅಡ್ಡಿ ಇಲ್ಲದ ಒಂದು ಗಂಟೆ, ಎರಡೂ ಇರುವವರಿಗೆ.

ಮಾತುಕತೆ, ಸಂದರ್ಶನ

ಒಂದು ಸುತ್ತು ಕುಕ್ಕರಹಳ್ಳಿ ಕೆರೆಗೆ ಮಾತುಕತೆಯೇ ಚೆನ್ನ. ನಡೆಯುವ ಲಯಕ್ಕೂ ಇಬ್ಬರು ಸಮಾಧಾನವಾಗಿ ಮಾತಾಡುವ ಲಯಕ್ಕೂ ಹೊಂದುತ್ತದೆ. ನಡುವೆ ಪೆಲಿಕನ್ ನೋಡುತ್ತಾ ನಿಂತು ಎರಡು ವಾಕ್ಯ ತಪ್ಪಿಸಿಕೊಂಡರೂ ಪರವಾಗಿಲ್ಲ.

ಬಿಬಿಸಿಯ ‘ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್’ 1942ರಿಂದ ಬರುತ್ತಿದೆ. ನಿರ್ಜನ ದ್ವೀಪಕ್ಕೆ ಹೋಗುವುದಾದರೆ ಯಾವ ಎಂಟು ಹಾಡು ಒಯ್ಯುತ್ತೀರಿ ಅಂತ ಅತಿಥಿಯನ್ನು ಕೇಳುತ್ತಾರೆ, ಆ ಹಾಡುಗಳ ನೆಪದಲ್ಲಿ ಅವರ ಬದುಕು ಬಿಚ್ಚಿಕೊಳ್ಳುತ್ತದೆ. ಜೊತೆಗೆ ಒಂದು ಪುಸ್ತಕ, ಒಂದು ಇಷ್ಟದ ವಸ್ತು. ಕೇಳುತ್ತಾ ಕೇಳುತ್ತಾ ನಾವೂ ನಮ್ಮ ಎಂಟನ್ನು ಎಣಿಸಲು ಶುರು ಮಾಡುತ್ತೇವೆ. ಒಂದೇ ಕೊರತೆ, ಹಕ್ಕುಗಳ ಕಾರಣಕ್ಕೆ ಪಾಡ್‌ಕಾಸ್ಟ್‌ನಲ್ಲಿ ಹಾಡು ಚೂರೇ ಚೂರು ಬರುತ್ತದೆ. ಅತಿಥಿಗಳಲ್ಲಿ ಬ್ರಿಟನ್ನಿಗೆ ಮಾತ್ರ ಗೊತ್ತಿರುವವರು ಬಹಳ, ನಿಮಗೆ ಗೊತ್ತಿರುವ ಹೆಸರು ಹುಡುಕಿ ಶುರು ಮಾಡಿ.

ಆಸ್ಟ್ರೇಲಿಯಾದ ಎಬಿಸಿಯ ‘ಕಾನ್ವರ್ಸೇಷನ್ಸ್’ನಲ್ಲಿ ಹೆಸರುವಾಸಿಗಳಿಗಿಂತ ಸಾಮಾನ್ಯರು ಜಾಸ್ತಿ. ಸುಮಾರು ಐವತ್ತು ನಿಮಿಷ. ಅತಿಥಿ ಯಾರು ಅಂತ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಅದೇ ಇದರ ದೊಡ್ಡ ಗುಣ. ‘ಫ್ರೆಶ್ ಏರ್’ ಬಗ್ಗೆ ಮೊದಲೇ ಹೇಳಿದೆ. ಟೆರ್ರಿ ಗ್ರೋಸ್ ಅವರು ಈ ಕಾರ್ಯಕ್ರಮಕ್ಕೆ ಬಂದದ್ದು 1975ರಲ್ಲಿ, ಈಗ ಅವರ ಜೊತೆ ತಾನ್ಯಾ ಮೋಸ್ಲಿ ಅವರೂ ನಡೆಸುತ್ತಾರೆ. ಪ್ರಶ್ನೆ ಕೇಳುವುದು ಹೇಗೆ ಅಂತ ಕಲಿಯಬೇಕಿರುವ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಇದನ್ನು ನಾನು ಮೊದಲು ಹೇಳುತ್ತೇನೆ. ಉಳಿದವರು ಅತಿಥಿ ನೋಡಿ ಆರಿಸಿಕೊಳ್ಳಿ.

ಇನ್ನು ‘ಇನ್ ಅವರ್ ಟೈಮ್’. ಬಿಬಿಸಿ ರೇಡಿಯೋ 4ರಲ್ಲಿ 1998ರಿಂದ. ಒಂದು ವಿಷಯ, ಅದನ್ನೇ ಓದಿಕೊಂಡು ಬದುಕು ಕಳೆದ ಮೂವರು ಪ್ರಾಧ್ಯಾಪಕರು, ಮುಕ್ಕಾಲು ಗಂಟೆ. 2025ರ ತನಕ ಮೆಲ್ವಿನ್ ಬ್ರ್ಯಾಗ್ ಅವರು ನಡೆಸಿದರು. ಸಾವಿರಕ್ಕೂ ಜಾಸ್ತಿ ಕಂತುಗಳಿವೆ, ಕಪ್ಪುಕುಳಿಯಿಂದ ಹಿಡಿದು ರೇಷ್ಮೆ ದಾರಿ ತನಕ. ಇದು ಹಗುರ ಅಲ್ಲ. ಎತ್ತರದ ಇಂಗ್ಲಿಷ್, ವೇಗದ ಮಾತು, ತಮಾಷೆ ಇಲ್ಲ, ಸಂಗೀತ ಇಲ್ಲ. ಆದರೆ ಸಂಕ್ರಾಂತಿ ಆಸುಪಾಸಿನಲ್ಲಿ ಕೂತು ಎರಡು ಮೂರು ಸೇರು ಅವರೆಕಾಳು ಹಿದುಕುವ ಕೆಲಸ ಇದ್ದರೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಯುಪಿಎಸ್‌ಸಿ, ಕೆಎಎಸ್‌ಗೆ ಓದುತ್ತಿರುವವರು ಇತಿಹಾಸ, ತತ್ವಶಾಸ್ತ್ರದ ಕಂತುಗಳನ್ನು ವಾಕಿಂಗ್‌ಗೆ ಇಟ್ಟುಕೊಳ್ಳಬಹುದು.

ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಮಾತ್ರ ಇವು ಯಾವುವೂ ಬೇಡ. ಏದುಸಿರು ಬಿಡುವಾಗ ಪ್ರಾಧ್ಯಾಪಕರ ಮಾತು ತಲೆಗೆ ಹೋಗುವುದಿಲ್ಲ.

ಕ್ರಿಕೆಟ್ ಹುಚ್ಚಿನವರಿಗೆ ‘ಸ್ಟಂಪ್ಡ್’ ಇದೆ. ಬಿಬಿಸಿ, ಆಸ್ಟ್ರೇಲಿಯಾದ ಎಬಿಸಿ, ನಮ್ಮ ಆಕಾಶವಾಣಿ, ಮೂರೂ ಕಡೆಯ ಕಾಮೆಂಟರಿಯವರನ್ನು ಕೂರಿಸಿ ಮಾತಾಡಿಸುವ ಕಾರ್ಯಕ್ರಮವಾಗಿ ಹುಟ್ಟಿದ್ದು. ಮಕ್ಕಳ ಜೊತೆ ಕಾರಲ್ಲಿ ಕೇಳುವುದಕ್ಕೆ ‘ಕ್ರೌಡ್‌ಸೈನ್ಸ್’ ಸರಿ, ಕೇಳುಗರು ಕಳಿಸಿದ ವಿಜ್ಞಾನದ ಪ್ರಶ್ನೆಗೆ ಬಿಬಿಸಿಯವರು ಉತ್ತರ ಹುಡುಕಿಕೊಂಡು ಹೋಗುತ್ತಾರೆ.

ಕನ್ನಡದಲ್ಲೇ ಬೇಕು ಅಂದರೆ

ನಿಜ ಹೇಳಬೇಕು ಅಂದರೆ, ಮನೆಯವರೆಲ್ಲ ಒಟ್ಟಿಗೆ ಕೇಳುವುದಾದರೆ ಮೇಲಿನ ಯಾವುದೂ ಆಕಾಶವಾಣಿಗೆ ಸಮ ಅಲ್ಲ. ಅದರಲ್ಲೂ ಮೈಸೂರಿನವರು ಇದನ್ನು ಮರೆಯಬಾರದು. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ವಿಠಲ ವಿಹಾರದಲ್ಲಿ 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಶುರು ಮಾಡಿದ ಬಾನುಲಿ ಅದು. ಇಡೀ ದೇಶದ ರೇಡಿಯೋಗೆ ಆಮೇಲೆ ಬಂದ ಆಕಾಶವಾಣಿ ಅನ್ನುವ ಹೆಸರು ಇಲ್ಲಿಯದು. ಇವತ್ತಿಗೂ ಯಾದವಗಿರಿಯ ಕೇಂದ್ರದಿಂದ 100.6 ಎಫ್‌ಎಂನಲ್ಲಿ ಬರುತ್ತದೆ. ಚಿಂತನ, ಭಾವಗೀತೆ, ಜನಪದ, ನಾಟಕ, ರೈತರ ಕಾರ್ಯಕ್ರಮ, ಪ್ರದೇಶ ಸಮಾಚಾರ.

ಅನುಕೂಲಗಳನ್ನು ನೋಡಿ. ಎಫ್‌ಎಂ ಸೆಟ್ ಇದ್ದರೆ ಒಂದು ಎಂಬಿ ಡೇಟಾ ಖರ್ಚಿಲ್ಲ. ಆರಿಸುವ ತಲೆನೋವಿಲ್ಲ. ಅಜ್ಜಿಗೂ ಅರ್ಥವಾಗುತ್ತದೆ, ಮೊಮ್ಮಗುವಿಗೂ ಅರ್ಥವಾಗುತ್ತದೆ. ಬೆಳಗಿನ ಅಡುಗೆಮನೆಗೆ ನನ್ನ ಮೊದಲ ಆಯ್ಕೆ ಇದೇ, ಬಿಬಿಸಿ ಅಲ್ಲ. ಪಾಡ್‌ಕಾಸ್ಟ್‌ಗೆ ಹೋಲಿಸಿದರೆ ಕೊರತೆಯೂ ಇದೆ. ನೇರ ಪ್ರಸಾರ, ಹಿಂದಕ್ಕೆ ಓಡಿಸಲು ಆಗುವುದಿಲ್ಲ, ನಿಮಗೆ ಬಿಡುವಾದಾಗ ನಿಮಗೆ ಬೇಕಾದ್ದು ಬರುತ್ತಿರುವುದಿಲ್ಲ. ಆಕಾಶವಾಣಿಯ ಹಲವು ಕೇಂದ್ರಗಳು ಕಾರ್ಯಕ್ರಮಗಳನ್ನು ಯೂಟ್ಯೂಬ್‌ಗೆ ಹಾಕುತ್ತವೆ, ಹುಡುಕಿದರೆ ಒಳ್ಳೊಳ್ಳೆಯ ನಾಟಕ, ಸಂದರ್ಶನ ಸಿಗುತ್ತವೆ. ಆದರೆ ಯೂಟ್ಯೂಬ್‌ಗೆ ದುಡ್ಡು ಕಟ್ಟದಿದ್ದರೆ ಸ್ಕ್ರೀನ್ ಆಫ್ ಮಾಡಿದ ಕೂಡಲೇ ಸದ್ದೂ ನಿಲ್ಲುತ್ತದೆ. ಫೋನ್ ಜೇಬಲ್ಲಿಟ್ಟುಕೊಂಡು ಕೆಲಸ ಮಾಡುವವರಿಗೆ ಇದು ದೊಡ್ಡ ಕಿರಿಕಿರಿ.

ಊರು ಬಿಟ್ಟು ದೂರ ಇರುವವರು ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಆಕಾಶವಾಣಿ ಕೇಂದ್ರಗಳನ್ನು ನೇರವಾಗಿ ಕೇಳಬಹುದು. ಪ್ರಸಾರ ಭಾರತಿಯವರು 2024ರಲ್ಲಿ ತಂದ ‘ವೇವ್ಸ್’ ಆ್ಯಪ್‌ನಲ್ಲೂ ರೇಡಿಯೋ ಸಿಗುತ್ತದೆ. ಅಲ್ಲೇ ಇರುವ ‘ರಾಗಂ’ ವಾಹಿನಿಯನ್ನು ಮರೆಯಬೇಡಿ. ದಿನವಿಡೀ ಶಾಸ್ತ್ರೀಯ ಸಂಗೀತ. ಲೆಕ್ಕ ಬರೆಯುವ, ಕಂಪ್ಯೂಟರ್ ಮುಂದೆ ಕೂರುವ ಕೆಲಸದ ಜೊತೆ ಮಾತು ಬೇಡ ಅಂತ ಮೊದಲೇ ಹೇಳಿದೆನಲ್ಲ, ಅಲ್ಲಿಗೆ ಇದು.

ಗದ್ದೆಗೆ ನೀರು ಕಟ್ಟುವವರ ವಿಷಯಕ್ಕೆ ಬರೋಣ. ತ್ರೀ ಫೇಸ್ ಕರೆಂಟ್ ರಾತ್ರಿ ಯಾವ ಹೊತ್ತಿಗೋ ಬರುತ್ತದೆ, ಮೋಟರ್ ಹಾಕಿ ಮಡೆ ತಿರುಗಿಸುತ್ತಾ ಗಂಟೆಗಟ್ಟಲೆ ಎದ್ದಿರಬೇಕು. ಅಲ್ಲಿ ಉದ್ದದ ನಾಟಕ, ಹರಿಕಥೆ, ಮಾತುಕತೆ ಏನಾದರೂ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ದಯವಿಟ್ಟು ಇಯರ್‌ಫೋನ್ ಮಾತ್ರ ಹಾಕಬೇಡಿ. ಹಾವಿದೆ, ಕಬ್ಬಿನ ಮಧ್ಯೆ ಚಿರತೆ ಓಡಾಡುವ ಕಡೆಗಳೂ ನಮ್ಮಲ್ಲಿ ಕಡಿಮೆ ಇಲ್ಲ. ಫೋನ್ ಅಂಗಿ ಜೇಬಲ್ಲಿಟ್ಟು ಸ್ಪೀಕರ್‌ನಲ್ಲಿ ಕೇಳಿ, ಎರಡು ಕಿವಿಯೂ ಹೊರಗೇ ಇರಲಿ. ಸ್ಕೂಟರ್, ಬೈಕಿನವರಿಗೂ ಇದೇ ಮಾತು, ಅವರಿಗೆ ಇನ್ನೂ ಖಡಕ್ಕಾಗಿ. ಹೆಲ್ಮೆಟ್ ಒಳಗೆ ಇಯರ್‌ಫೋನ್ ಇಟ್ಟುಕೊಂಡು ಸರ್ವಿಸ್ ರೋಡಲ್ಲಿ ಹೋದರೆ ಹಿಂದಿನ ಲಾರಿಯ ಹಾರ್ನ್ ಕೇಳಿಸುವುದಿಲ್ಲ. ಎರಡು ಚಕ್ರದ ಗಾಡಿ ಓಡಿಸುವವರಿಗೆ ನನ್ನ ಬಳಿ ಯಾವ ಪಾಡ್‌ಕಾಸ್ಟ್‌ನ ಸಲಹೆಯೂ ಇಲ್ಲ. ಕಾರಿನ ಸ್ಪೀಕರ್‌ನಲ್ಲಿ, ಕಮ್ಮಿ ಸದ್ದಲ್ಲಿ ಕೇಳುವುದಾದರೆ ಸರಿ.

ಆ್ಯಪ್, ಮತ್ತೆ ಸ್ವಲ್ಪ ದುಡ್ಡಿನ ಮಾತು

ಆಂಡ್ರಾಯ್ಡ್ ಫೋನಿಗೆ ‘ಆಂಟೆನಾಪಾಡ್’ ಹಾಕಿಕೊಳ್ಳಿ. ಉಚಿತ, ಜಾಹೀರಾತಿಲ್ಲ, ಖಾತೆ ತೆರೆಯುವುದೂ ಬೇಡ. ವೈಫೈ ಇದ್ದಾಗ ಮಾತ್ರ ಡೌನ್‌ಲೋಡ್ ಮಾಡು ಅಂತ ಒಂದು ಸಲ ಹೇಳಿಟ್ಟರೆ ಸಾಕು. ವೇಗ ಇಳಿಸಬಹುದು, ಮಲಗುವಾಗ ಇಷ್ಟು ನಿಮಿಷಕ್ಕೆ ನಿಲ್ಲು ಅಂತ ಟೈಮರ್ ಇಡಬಹುದು. ಐಫೋನಿನಲ್ಲಿ ಆ್ಯಪಲ್‌ನವರದೇ ಇದೆ. ಸ್ಪಾಟಿಫೈ ಈಗಾಗಲೇ ಇರುವವರು ಅದರಲ್ಲೇ ಹುಡುಕಿದರೂ ಮೇಲಿನ ಹೆಸರುಗಳು ಸಿಗುತ್ತವೆ.

ಉಚಿತ ಅಂದೆ, ಆದರೆ ಯಾರೋ ಕಟ್ಟುತ್ತಿದ್ದಾರೆ. ಬಿಬಿಸಿಗೆ ಬ್ರಿಟನ್ನಿನ ಮನೆಗಳವರು ಲೈಸೆನ್ಸ್ ಶುಲ್ಕ ಕಟ್ಟುತ್ತಾರೆ, ನಮಗೆ ಕೇಳಿಸುವಾಗ ಅದರಲ್ಲಿ ಜಾಹೀರಾತು ಬರುತ್ತದೆ. ಅಮೆರಿಕದ ಸಾರ್ವಜನಿಕ ಕೇಂದ್ರಗಳಿಗೆ ಅಲ್ಲಿನ ಕೇಂದ್ರ ಸರ್ಕಾರದಿಂದ ಬರುತ್ತಿದ್ದ ಹಣ 2025ರಲ್ಲಿ ನಿಂತಿತು, ಈಗ ಕೇಳುಗರ ದೇಣಿಗೆಯ ಮೇಲೆ ಇನ್ನೂ ಜಾಸ್ತಿ ಭಾರ. ಹಾಗಾಗಿ ಕಾರ್ಯಕ್ರಮದ ನಡುವೆ ಅವರು ಕೈ ಚಾಚಿದರೆ ಬೇಸರ ಮಾಡಿಕೊಳ್ಳಬೇಡಿ, ಶಕ್ತಿ ಇದ್ದವರು ಕೊಡಿ. ಆಕಾಶವಾಣಿಗೆ ನಾವು ಕೊಡಬಹುದಾದ್ದು ಬೇರೆ. ಒಳ್ಳೆಯ ಕಾರ್ಯಕ್ರಮ ಕೇಳಿದಾಗ ಒಂದು ಪತ್ರ ಬರೆಯಿರಿ, ಫೋನ್ ಇನ್ ಕಾರ್ಯಕ್ರಮಕ್ಕೆ ಕರೆ ಮಾಡಿ. ಕೇಳುವವರಿದ್ದಾರೆ ಅಂತ ಅವರಿಗೆ ಗೊತ್ತಾಗಲಿ.

ಇಷ್ಟೆಲ್ಲ ಓದಿಯೂ ‘ಒಂದೇ ಒಂದು ಹೇಳಿ’ ಅನ್ನುವವರಿಗೆ: ಇವತ್ತು ರಾತ್ರಿ ‘ವಿಟ್ನೆಸ್ ಹಿಸ್ಟರಿ’ಯ ನಾಲ್ಕು ಕಂತು ಇಳಿಸಿಕೊಳ್ಳಿ. ನಿಮಗೆ ಮೊದಲೇ ಗೊತ್ತಿರುವ ಘಟನೆಯದ್ದಾಗಿರಲಿ, ಆಗ ಇಂಗ್ಲಿಷ್ ಎಲ್ಲಾದರೂ ತಪ್ಪಿದರೂ ಕಥೆ ತಪ್ಪುವುದಿಲ್ಲ. ನಾಳೆ ಪಾತ್ರೆ ತೊಳೆಯುವಾಗಲೋ, ಬಸ್ ಕಾಯುವಾಗಲೋ ಹಾಕಿ. ನಾಲ್ಕರಲ್ಲಿ ಎರಡು ಹಿಡಿಸಿದರೆ ಮುಂದಿನ ವಾರ ‘ಪ್ಲಾನೆಟ್ ಮನಿ’ಗೆ ಹೋಗಿ. ಒಂದೂ ಹಿಡಿಸದಿದ್ದರೆ ಇಂಗ್ಲಿಷಿನ ಹಟ ಬಿಟ್ಟು 100.6 ಹಾಕಿಕೊಳ್ಳಿ.